ಬಾಗಿಲು ನಿಲ್ಲಿಸುವ ಸೊಂಟ

ಜುಲೈ 14, ಸೋಮವಾರ

ಇದು ಅಳತೆ ಪುಸ್ತಕ. ಮುಂಭಾಗದ ಹಾಳೆಗಳಲ್ಲಿ ಯಾರ್ಯಾರದೋ ಮನೆಯ ಕಿಟಕಿ, ಬಾಗಿಲು, ಮಂಚಗಳ ಉದ್ದಗಲ ಇದೆ. ಏಪ್ರಿಲ್ ಎರಡನೆಯ ವಾರದ ನಂತರ ಒಂದು ಅಳತೆಯೂ ಸೇರಿಲ್ಲ. ಕೆಲಸವಿಲ್ಲದ ಪುಸ್ತಕ, ಕೆಲಸವಿಲ್ಲದ ಆಚಾರಿ. ಹಿಂಭಾಗದ ಹಾಳೆಯಿಂದ ಏನಾದರೂ ಗೀಚೋಣ ಎಂದು ಕೂತೆ. ಯಾರಿಗೂ ತೋರಿಸುವುದಕ್ಕಲ್ಲ.

ನಾಗಮಂಗಲದಲ್ಲಿ ಒಂದು ಮನೆಯ ತೊಲೆ ಎತ್ತುವಾಗ ಸೊಂಟ ಹಿಡಿಯಿತು. ಹಿಡಿದದ್ದು ಬಿಡಲಿಲ್ಲ. ಮೈಸೂರಿನ ಡಾಕ್ಟರು ಪಟ ತೆಗೆಸಿ, ಬೆನ್ನುಮೂಳೆಯ ನಡುವಿನ ಬಿಲ್ಲೆ ಜಾರಿದೆ, ಆಪರೇಷನ್ ಬೇಡ, ಆದರೆ ಸರಿಯಾದ ವ್ಯಾಯಾಮ ಬೇಕೇ ಬೇಕು ಎಂದರು. ಹದಿನಾಲ್ಕನೆಯ ವಯಸ್ಸಿನಿಂದ ಮರ ಎತ್ತಿದವನಿಗೆ ಐವತ್ತಾರರಲ್ಲಿ ವ್ಯಾಯಾಮದ ಪಾಠ. ನಗು ಬಂತು. ನಕ್ಕರೂ ನೋಯುತ್ತದೆ, ಅದಕ್ಕೆ ನಗಲಿಲ್ಲ.

ಇವತ್ತು ಚಿನಕುರಳಿಯ ದ್ಯಾವಮ್ಮಜ್ಜಿ ಬಂದಿದ್ದರು. ಎಂಬತ್ತರ ಹತ್ತಿರ ವಯಸ್ಸು. ಒಬ್ಬರೇ ಬಸ್ಸಿನಲ್ಲಿ ಬಂದು, ಬಾಗಿಲಲ್ಲೇ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ನಮ್ಮನೆ ಬಾಗ್ಲ ನಿಮ್ಮಪ್ಪ ನಿಲ್ಸಿದ್ದು ಕನಪ್ಪ, ಕಿಷ್ಣಾಚಾರಿ. ಅರವತ್ತೊರ್ಸ ಆಯ್ತು, ಕೂದ್ಲೆಳೆ ವಾಲಿಲ್ಲ. ಈಗ ಮೊಮ್ಮಗ ಹೊಸ ಮನೆ ಕಟ್ಟುಸ್ತಾವ್ನೆ. ಬಾಗ್ಲ ನಿನ್ ಕೈಲೇ ನಿಲ್ಬೇಕು. ಆಗಕಿಲ್ಲ ಅಂದ್ರೆ ಈಗ್ಲೇ ಯೋಳ್ಬುಡು, ನಿಮ್ಮಣ್ಣನ ಮಗುಂಗೆ ಯೋಳ್ತೀನಿ."

"ನಾನೇ ನಿಲ್ಸ್ತೀನಿ ಬುಡವ್ವ," ಅಂದೆ. ಗೋಡೆ ಹಿಡಿದುಕೊಂಡು ಅಂದೆ.

ನವೆಂಬರ್ ಹತ್ತಕ್ಕೆ ಮುಹೂರ್ತ. ನಮ್ಮ ಮನೆತನದಲ್ಲಿ ಹೆಬ್ಬಾಗಿಲು ನಿಲ್ಲಿಸುವ ಕ್ರಮವೇ ಬೇರೆ. ಬಾಗಿಲುವಾಡ, ಅಂದರೆ ಹೊಸ್ತಿಲು ಸಮೇತ ಬಾಗಿಲಿನ ಚೌಕಟ್ಟು, ಮಾಡಿದ ಆಚಾರಿಯೇ ಕುಕ್ಕರಗಾಲಲ್ಲಿ ಕೂತು ಹೊಸ್ತಿಲನ್ನು ಎರಡೂ ಕೈಯಲ್ಲಿ ಹಿಡಿದು, ಕೆಳಗಿನ ಗುಳಿಯಲ್ಲಿಟ್ಟ ನವಧಾನ್ಯ ಚೆಲ್ಲದ ಹಾಗೆ ಇಳಿಸಬೇಕು. ಪಕ್ಕದಲ್ಲಿ ನಾಲ್ಕು ಜನ ಹೆಗಲು ಕೊಡುತ್ತಾರೆ, ಆದರೆ ನಡುವಿನ ಭಾರ ಆಚಾರಿಯದು. ಇಳಿಸಿದ ಮೇಲೆ ಗಾರೆಯವನು ನೂಲುಗುಂಡು ಬಿಟ್ಟು ನೇರ ನೋಡುವವರೆಗೂ ಅಲುಗದೆ ಹಿಡಿದಿರಬೇಕು. ಒಮ್ಮೆ ಇಟ್ಟ ಹೊಸ್ತಿಲನ್ನು ಮತ್ತೆ ಎತ್ತುವಂತಿಲ್ಲ. ಎತ್ತಿದರೆ ಮನೆಗೂ ಒಳ್ಳೆಯದಲ್ಲ, ಆಚಾರಿಯ ಹೆಸರಿಗೂ ಒಳ್ಳೆಯದಲ್ಲ.

ನಾಲ್ಕು ತಿಂಗಳಿದೆ. ಆಗುತ್ತದೆ. ಸದ್ಯಕ್ಕೆ ಚಪ್ಪಲಿಯ ಹಿಂದಿನ ಪಟ್ಟಿ ಹಾಕುವುದಕ್ಕೂ ನಾನು ಬಗ್ಗಲಾರೆ, ಹೆಂಡತಿ ಲಲಿತಳೇ ಹಾಕಬೇಕು. ಅದನ್ನೂ ನಿಧಾನ ಮಾಡುತ್ತಾಳೆ.

ಜುಲೈ 18, ಶುಕ್ರವಾರ

ಗಂಜಾಂಗೆ ಹೋಗಿ ಬಂದೆ. ಡಾಕ್ಟರು ಬರೆದುಕೊಟ್ಟ ವಿಳಾಸ ಅಲ್ಲಿಯದು. ಅರ್ಚಕರ ಮನೆತನದ ಜಯರಾಮಯ್ಯನವರ ಮಗಳು ಅಪರ್ಣ, ಫಿಸಿಯೋಥೆರಪಿ ಓದಿದವರು, ಮಹಡಿಯ ಹಾಲಿನಲ್ಲಿ ಪಿಲಾಟಿಸ್ ಎಂಬ ವ್ಯಾಯಾಮ ಕಲಿಸುತ್ತಾರೆ. ಒಂದು ಕಡೆ ಆರು ಚಾಪೆ, ಇನ್ನೊಂದು ಕಡೆ ಕಿಟಕಿಯ ಪಕ್ಕ ಒಂದು ಯಂತ್ರ. ನನ್ನ ಕಣ್ಣು ಯಂತ್ರದ ಮೇಲೆಯೇ ನಿಂತಿತು.

ಏನಿಲ್ಲ, ಒಂದು ಮಂಚ. ಅದರೊಳಗೆ ಗಾಲಿಯ ಮೇಲೆ ಓಡಾಡುವ ಒಂದು ಹಲಗೆ. ಹಲಗೆಗೂ ಕಾಲ್ದೆಸೆಗೂ ನಡುವೆ ಸ್ಪ್ರಿಂಗುಗಳು. ಹಲಗೆಯ ಮೇಲೆ ಮಲಗಿ ಕಾಲ್ದೆಸೆಯ ಕಂಬಿಯನ್ನು ಒದ್ದರೆ ಮೈಯೆಲ್ಲ ತಲೆದೆಸೆಗೆ ಜಾರುತ್ತದೆ, ಸ್ಪ್ರಿಂಗು ವಾಪಸ್ಸು ಎಳೆಯುತ್ತದೆ. ರಿಫಾರ್ಮರ್ ಅಂತ ಹೆಸರು. ಜಾರುಮಂಚ ಅಂದರೆ ಸಾಕು.

ಆ ಹುಡುಗಿ ಮೊದಲು ಚಾಪೆ ತೋರಿಸಿದರು. ಅಂಗಾತ ಮಲಗಿ, ಮಂಡಿ ಮಡಿಸಿ, ಸೊಂಟವನ್ನು ಒಂದೊಂದೇ ಮೂಳೆಯಾಗಿ ನೆಲದಿಂದ ಬಿಡಿಸಿ ಎತ್ತಬೇಕಂತೆ. ಎತ್ತಿದೆ. ಎದ್ದಿದ್ದು ಬರೀ ಗದ್ದ. ನನ್ನ ಪಕ್ಕದ ಚಾಪೆಯಲ್ಲಿದ್ದವರು ಎಪ್ಪತ್ತು ವರ್ಷದ ಕಮಲ ಟೀಚರ್, ನಿವೃತ್ತರು. ಅವರ ಸೊಂಟ ಸೇತುವೆಯ ಹಾಗೆ ಎದ್ದು ನಿಂತಿತ್ತು.

"ನಿಮ್ಮ ನೆಲ ಸಮ ಇಲ್ಲ ಕಣಮ್ಮ. ಒಂದ್ ಕಡೆಗೆ ವಾಲೈತೆ," ಅಂದೆ.

ಮೂಲೆಯ ಬೆಂಚಿನಿಂದ ಲಲಿತ, "ಕುಣಿಲಾರ್ದವಳು ನೆಲ ಡೊಂಕು ಅಂದ್ಲಂತೆ," ಅಂದಳು. ಅಲ್ಲಿದ್ದವರೆಲ್ಲ ನಕ್ಕರು. ಮನೆಯಲ್ಲಿ ಬಾಯಿ ಬಿಡದವಳಿಗೆ ಅಲ್ಲಿ ಎಲ್ಲಿಂದ ಬಂತೋ ಮಾತು.

ಆಮೇಲೆ ಜಾರುಮಂಚದ ಮೇಲೆ ಮಲಗಿಸಿದರು. ಒದ್ದೆ. ಜಾರಿದೆ. ನೋವಿಲ್ಲ. ಮೂರು ತಿಂಗಳಲ್ಲಿ ಮೊದಲ ಸಲ ಕಾಲಿಗೆ ಪೂರ್ತಿ ಬಲ ಹಾಕಿದೆ. ಕಣ್ಣಲ್ಲಿ ನೀರು ಬಂತು, ಬೆವರು ಅಂತ ಒರೆಸಿಕೊಂಡೆ. ಹತಾರ ಅಂದರೆ ಇದು. ಹತಾರವಿಲ್ಲದೆ ಬರಿಗೈಲಿ ಯಾರಾದರೂ ಬಾಗಿಲು ಮಾಡುತ್ತಾರೆಯೇ? ಬರಿಮೈಲಿ ಸೊಂಟವೂ ಆಗುವುದಿಲ್ಲ.

ಜುಲೈ 21, ಸೋಮವಾರ

ರಸಮಟ್ಟ ತೆಗೆದುಕೊಂಡು ಹೋಗಿ ಅವರ ಹಾಲಿನ ನೆಲದ ಮೇಲಿಟ್ಟೆ. ಎರಡು ನೂಲು, ಅಂದರೆ ಕಾಲು ಇಂಚು, ವಾಲಿದೆ. ನಾನು ಹೇಳಿದ್ದು ಸುಳ್ಳಲ್ಲ. ಎಲ್ಲರಿಗೂ ತೋರಿಸಿದೆ.

ಸೊಂಟ ಮಾತ್ರ ಇವತ್ತೂ ಏಳಲಿಲ್ಲ.

ಜುಲೈ 29, ಮಂಗಳವಾರ

ವಾರಕ್ಕೆ ಎರಡು ಸಲ ಹೋಗುತ್ತಿದ್ದೇನೆ. ನಮ್ಮ ಪೇಟೆಯಿಂದ ಗಂಜಾಂ ಕಡೆಗೆ ಹೋಗುವ ಬಸ್ಸು ಚಿನಕುರಳಿಯ ಮೇಲೇ ಹೋಗುತ್ತದೆ. ದ್ಯಾವಮ್ಮಜ್ಜಿಯ ಹೊಸ ಮನೆಯ ಜಾಗ ರಸ್ತೆಗೇ ಕಾಣುತ್ತದೆ. ಇವತ್ತು ಪಾಯ ತೋಡುತ್ತಿದ್ದರು, ಪಕ್ಕದಲ್ಲಿ ಕಲ್ಲಿನ ರಾಶಿ ಬಿದ್ದಿತ್ತು. ನಾನು ಆ ಕಡೆಯ ಕಿಟಕಿಯಲ್ಲೇ ಕೂರುತ್ತೇನೆ. ಲಲಿತ ನನ್ನ ಚಪ್ಪಲಿ ಹಾಕುವುದಕ್ಕೆ, ಬಿಚ್ಚುವುದಕ್ಕೆ ಅಂತ ಜೊತೆಗೆ ಬರಬೇಕು.

ಅಪರ್ಣ ಅವರ ಜೊತೆ ಇವತ್ತು ವಾದವಾಯಿತು.

"ಅರ್ಧ ಗಂಟೆ ನೆಲದ ಮೇಲೆ ಯಾಕಮ್ಮ ದಂಡ? ಪೂರ್ತಿ ಮಂಚದ ಮೇಲೇ ಬುಟ್ಬುಡಿ ನನ್ನ."

"ಮಂಚದ ಮೇಲೆ ಸ್ಪ್ರಿಂಗ್ ನಿಮ್ಮ ಎದುರಿಗೂ ಕೆಲಸ ಮಾಡುತ್ತೆ, ನಿಮ್ಮ ಪರವಾಗೂ ಮಾಡುತ್ತೆ ಆಚಾರ್ರೇ. ಚಾಪೆ ಮೇಲೆ ಭಾರಾನೂ ನಿಮ್ದೇ, ಹಿಡಿಯೋದೂ ನೀವೇ. ಎರಡೂ ಬೇಕು."

ಓದಿದವರು ಹೀಗೇ, ಒಂದನ್ನು ಕೇಳಿದರೆ ಎರಡೂ ಬೇಕು ಅನ್ನುತ್ತಾರೆ. ಅವರು ಕೆಳಗೆ ಕಾಫಿ ತರಲು ಹೋದಾಗ ಟೇಪು ತೆಗೆದು ಜಾರುಮಂಚದ ಅಳತೆ ಪೂರ್ತಿ ಬರೆದುಕೊಂಡೆ. ಈ ಪುಸ್ತಕದ ಮುಂಭಾಗದ ಹಾಳೆಯಲ್ಲಿದೆ. ಮೂರೂವರೆ ತಿಂಗಳ ಮೇಲೆ ಮೊದಲ ಅಳತೆ.

ಆಗಸ್ಟ್ 9, ಶನಿವಾರ

ಮನೆಯಲ್ಲೇ ಒಂದು ಜಾರುಮಂಚ ಮಾಡಿಕೊಳ್ಳಲು ನಾಗಮಂಗಲದಿಂದ ಮೌನೇಶನನ್ನು ಕರೆಸಿದೆ. ಅಣ್ಣನ ಮಗ, ಮೂವತ್ತೈದು ವರ್ಷ, ಮರಗೆಲಸ, ವೆಲ್ಡಿಂಗ್ ಎರಡೂ ಬರುತ್ತದೆ. ಕೊಯ್ಯುವುದು, ಎತ್ತುವುದು ಅವನದು. ನಾನು ಎತ್ತರದ ಸ್ಟೂಲಿನ ಮೇಲೆ ಕೂತು ಕೀಸುವುದು, ಹೇಳುವುದು, ಬೈಯುವುದು.

ಗಂಜಾಂನ ಮಂಚದಲ್ಲಿ ಸ್ಪ್ರಿಂಗುಗಳನ್ನು ಬರೀ ಕೊಂಡಿಗೆ ತಗುಲಿಸಿದ್ದಾರೆ. ಬೇಕಾದಾಗ ಹಾಕು, ಬೇಡವಾದಾಗ ತೆಗಿ. ಅದೆಂಥ ಕೆಲಸ? ನಮ್ಮಲ್ಲಿ ಅಲ್ಲಾಡುವ ಕೆಲಸ ಮಾಡಿದರೆ ಅಪ್ಪ ಕೊಡತಿಯಲ್ಲೇ ಹೊಡೆಯುತ್ತಿದ್ದರು. ನಾಲ್ಕು ಸ್ಪ್ರಿಂಗನ್ನೂ ಬೋಲ್ಟು ಹಾಕಿ ಬಿಗಿದೆ. ಆನೆ ಒದ್ದರೂ ಕಳಚುವುದಿಲ್ಲ.

"ಚಿಕ್ಕಪ್ಪ, ಅವ್ರ್ ಅಂಗೆ ಮಾಡವ್ರೆ ಅಂದ್ರೆ ಏನೋ ಕಾರಣ ಇರ್ಬೋದು," ಅಂದ ಮೌನೇಶ.

"ಕಾರಣ ಏನ್ಲಾ, ಮಾಡ್ದೋನ್ಗೆ ಕೆಲ್ಸ ಬರಾಕಿಲ್ಲ, ಅಷ್ಟೇ ಕಣ್ಲಾ," ಅಂದೆ.

ಆಗಸ್ಟ್ 23, ಶನಿವಾರ

ಜಾರುಮಂಚ ಮುಗಿಯಿತು. ತೇಗದ ಚೌಕಟ್ಟು, ಹಲಸಿನ ಹಲಗೆ, ಅದರ ಮೇಲೆ ಮೆತ್ತೆ. ತಲೆದೆಸೆಗೆ ಎರಡು ಹಂಸ ಕೆತ್ತಿದ್ದೇನೆ, ಅವರದರಲ್ಲಿ ಅದೂ ಇಲ್ಲ. ಬೀದಿಯವರೆಲ್ಲ ನೋಡಿ ಹೋದರು. ಪಕ್ಕದ ಮನೆಯ ಮಂಚಮ್ಮ, "ಇದು ಯಾವ್ ದೇವ್ರ್ ಉಯ್ಯಾಲೆ," ಅಂತ ಕೈ ಮುಗಿದಳು.

ನಾಲ್ಕು ಸ್ಪ್ರಿಂಗಿನಲ್ಲಿ ಇಪ್ಪತ್ತು ಸಲ ಒದ್ದೆ. ಗಂಜಾಂನಲ್ಲಿ ಅವರು ಮೂರರ ಮೇಲೆ ಕೊಟ್ಟಿಲ್ಲ.

ಸೆಪ್ಟೆಂಬರ್ 5, ಶುಕ್ರವಾರ

ಮನೆಯಲ್ಲಿ ದಿನಾ ಬೆಳಿಗ್ಗೆ ಐವತ್ತು ಒದೆ. ಕಾಲು ಕಂಬದ ಹಾಗಾಗಿದೆ. ಬೆನ್ನು ಮಲಗಿದ್ದಾಗ ನೋಯುವುದೇ ಇಲ್ಲ. ಚಾಪೆಯ ಪಾಠ ಮನೆಯಲ್ಲಿ ಬಿಟ್ಟಿದ್ದೇನೆ. ಮನೆಯಲ್ಲಿ ಮಂಚ ಮಾಡಿಕೊಂಡಿದ್ದನ್ನು ಅಪರ್ಣ ಅವರಿಗೆ ಹೇಳಿಲ್ಲ. ಒಂದೇ ಸಲ ನವೆಂಬರ್‌ನಲ್ಲಿ ಹೇಳಿದರಾಯಿತು.

ಇವತ್ತು ಒಂದು ಸಂಗತಿ. ಪಾಠ ಮುಗಿದು ಹೊರಡುವಾಗ ಲಲಿತ ಬೆಂಚಿನಿಂದ ಏಳುತ್ತ ಸೊಂಟಕ್ಕೆ ಕೈ ಕೊಟ್ಟಳು. ಅಪರ್ಣ ಅವರ ಕಣ್ಣಿಗೆ ಬಿತ್ತು.

"ನಿಮಗೂ ನೋವಿದೆಯಾ ಅಮ್ಮ? ಎಷ್ಟು ದಿನದಿಂದ?"

"ಹತ್ತೊರ್ಸ ಆಗಿರ್ಬೋದು ಬುಡಿ."

"ಮನೇಲಿ ಹೇಳಿಲ್ವಾ?"

"ಯೋಳಿದ್ರೆ ಯಾರ್ ಕೇಳ್ತಿದ್ರು," ಅಂದಳು ಲಲಿತ. ನಗುತ್ತಲೇ ಅಂದಳು.

ಅವಳನ್ನು ಅಲ್ಲೇ ಚಾಪೆಯ ಮೇಲೆ ಮಲಗಿಸಿ ಸೊಂಟ ಎತ್ತಲು ಹೇಳಿದರು. ಎತ್ತಿದಳು. ಪೂರ್ತಿ. ಒಂದೂವರೆ ತಿಂಗಳು ಬೆಂಚಿನಲ್ಲಿ ಕೂತು ಬರೀ ನೋಡಿ ಕಲಿತಿದ್ದಾಳೆ. ಮುಂದಿನ ವಾರದಿಂದ ಅವಳಿಗೂ ಒಂದು ಚಾಪೆ ಅಂತ ತೀರ್ಮಾನವಾಯಿತು. ನನ್ನನ್ನು ಯಾರೂ ಕೇಳಲಿಲ್ಲ.

ಹತ್ತು ವರ್ಷದಿಂದ ನೋವಿದ್ದರೆ ಹೇಳಬೇಕಪ್ಪ. ಹೇಳದೆ ಹೋದರೆ ಇನ್ನೊಬ್ಬರಿಗೆ ಹೇಗೆ ಗೊತ್ತಾಗಬೇಕು? ವಾಪಸ್ಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಸೀಟು ಅವಳಿಗೆ ಬಿಟ್ಟೆ. ಗಾಳಿ ಜಾಸ್ತಿ ಇತ್ತು, ಅದಕ್ಕೆ.

ಸೆಪ್ಟೆಂಬರ್ 16, ಮಂಗಳವಾರ

ಮಲಗಿಕೊಂಡು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದೆ.

ಭಾನುವಾರ ಮೌನೇಶ ಚಿನಕುರಳಿಯ ಬಾಗಿಲಿಗೆ ಹೊಸ್ತಿಲು ಕೊಯ್ದು ತಂದ. ಒಂದು ಸಲ ಎತ್ತಿ ನೋಡುತ್ತೇನೆ ಅಂದೆ. ಬೇಡ ಅಂದ. ಕೇಳಲಿಲ್ಲ. ಕುಕ್ಕರಗಾಲಲ್ಲಿ ಕೂತು ಹಿಡಿದೆ. ಎದ್ದಿತು. ಕಾಲಿಗೆ ಲೆಕ್ಕವೇ ಇಲ್ಲ ಅಂತ ನಗುತ್ತ ಅವನ ಮುಖ ನೋಡಿದೆ. ಅಲುಗದೆ ಹಿಡಿದಿರಬೇಕಲ್ಲ, ಮಂಡಿಯೆತ್ತರದಲ್ಲೇ ಹಿಡಿದು ಕೂತೆ. ಹತ್ತು ಎಣಿಸುವಷ್ಟರಲ್ಲಿ ನಡುವಿನಲ್ಲಿ ಏನೋ ಕಳಚಿದಂತಾಯಿತು. ಕೈ ಬಿಟ್ಟುಹೋಯಿತು. ಹೊಸ್ತಿಲಿನ ಮೂಲೆ ಮುಕ್ಕಾಯಿತು. ಮುಕ್ಕಾದ ಹೊಸ್ತಿಲು ಇಡುವಂತಿಲ್ಲ, ಇನ್ನೊಂದು ಕೊಯ್ಯಬೇಕು.

ಮೌನೇಶ, ಲಲಿತ ಇಬ್ಬರೂ ಎತ್ತಿ ಮಲಗಿಸಿದರು. ಅವನು ಮುಕ್ಕಾದ ಹೊಸ್ತಿಲನ್ನು ಗೋಡೆಗೆ ಒರಗಿಸಿ ಬಂದು ಹೇಳಿದ, "ಬಾಗ್ಲ ನಾನ್ ನಿಲ್ಸ್ತೀನಿ ಚಿಕ್ಕಪ್ಪ. ನೀವ್ ಪಕ್ದಲ್ಲಿ ನಿಂತ್ಕಂಡು ಯೋಳಿ. ಅಜ್ಜಿಗೆ ನಾನೇ ಸಮಾಧಾನ ಮಾಡ್ತೀನಿ."

ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಆದರೆ ಹೆದರಿಕೆಯಾಯಿತು. ನೋವಿನ ಹೆದರಿಕೆಯಲ್ಲ. ಪಕ್ಕದಲ್ಲಿ ನಿಂತು ಹೇಳುವ ಮುದುಕ ಆಗಿಬಿಡುತ್ತೇನೆ ಅನ್ನುವ ಹೆದರಿಕೆ.

ಸೆಪ್ಟೆಂಬರ್ 19, ಶುಕ್ರವಾರ

ಇವತ್ತು ಗೋಡೆ ಹಿಡಿದು ಬಚ್ಚಲಿಗೆ ಹೋದೆ.

ಲಲಿತ ಹಜಾರದಲ್ಲಿ ಚಾಪೆ ಹಾಕಿಕೊಂಡು ಪಾಠ ಮಾಡುತ್ತಾಳೆ. ಕಾಣಿಸುವುದಿಲ್ಲ, ಉಸಿರು ಕೇಳಿಸುತ್ತದೆ. ಐದು ಎಣಿಕೆಗೆ ಒಳಗೆ, ಐದಕ್ಕೆ ಹೊರಗೆ. ಕೇಳುತ್ತ ಕೇಳುತ್ತ ನಾನೂ ಹಾಗೇ ಉಸಿರಾಡುತ್ತಿದ್ದೆ. ಮಾಡಲು ಬೇರೆ ಕೆಲಸವಿರಲಿಲ್ಲ.

ಸೆಪ್ಟೆಂಬರ್ 24, ಬುಧವಾರ

ಗಂಜಾಂಗೆ ಹೋಗಿ ಎಲ್ಲ ಹೇಳಿದೆ. ಮಂಚ ಮಾಡಿಕೊಂಡಿದ್ದು, ಐವತ್ತು ಒದೆ, ಹೊಸ್ತಿಲು. ಬೋಲ್ಟು ಹಾಕಿ ಬಿಗಿದಿದ್ದನ್ನು ಹೇಳುವ ಇರಾದೆ ಇರಲಿಲ್ಲ, ಅದನ್ನು ಲಲಿತ ಹೇಳಿದಳು.

ಅಪರ್ಣ ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. ಮೊದಲು ಬೆನ್ನು, ಕಾಲು ಎಲ್ಲ ಪರೀಕ್ಷೆ ಮಾಡಿದರು. ಆಮೇಲೆ ಅವರ ಮಂಚದ ಹಲಗೆಯ ಮೇಲೆ ಮಂಡಿಯೂರಿಸಿ, ಕೈಯನ್ನು ಕಂಬಿಗೆ ಕೊಡಿಸಿ, ಬೆನ್ನು ನೇರ ಮಾಡಿಸಿದರು. ನಾಲ್ಕು ಸ್ಪ್ರಿಂಗು ತಗುಲಿಸಿದರು.

"ಹಲಗೆ ಅಲ್ಲಾಡದ ಹಾಗೆ ನಿಲ್ಲಿ."

ನಿಂತೆ. ಎಷ್ಟು ಹೊತ್ತು ಬೇಕಾದರೂ ನಿಲ್ಲಬಹುದಿತ್ತು. ಒಂದು ಸ್ಪ್ರಿಂಗು ಕಳಚಿದರು. ಇನ್ನೊಂದು. ಮೂರನೆಯದು. ಭಾರ ಕಮ್ಮಿಯಾದರೆ ಸುಲಭವಾಗಬೇಕು ತಾನೆ? ಒಂದೇ ಸ್ಪ್ರಿಂಗು ಉಳಿದಾಗ ಹಲಗೆ ನನ್ನ ಕೆಳಗಿಂದ ಓಡಿಹೋಗಲು ನೋಡಿತು. ಹೊಟ್ಟೆ ನಡುಗಿತು, ತೋಳು ನಡುಗಿತು, ಮೂರು ಎಣಿಸುವಷ್ಟರಲ್ಲಿ ಸಾಕಮ್ಮ ಅಂದೆ.

"ಒದೆಯೋವಾಗ ಸ್ಪ್ರಿಂಗ್ ಜಾಸ್ತಿ ಆದ್ರೆ ಕಷ್ಟ. ಅಲುಗದೆ ನಿಲ್ಲೋವಾಗ ಜಾಸ್ತಿ ಆದ್ರೆ ಸುಲಭ," ಅಂದರು. "ನಾಲ್ಕು ಸ್ಪ್ರಿಂಗ್ ನಿಮ್ಮನ್ನ ಹಿಡ್ಕೊಂಡಿತ್ತು ಆಚಾರ್ರೇ. ಕಾಲಿಗೆ ಬಲ ಬಂತು, ನಡುವಿಗೆ ಬರಲಿಲ್ಲ. ಹೊಸ್ತಿಲು ಹಿಡಿಯೋವಾಗ ನಿಮ್ಮನ್ನ ಯಾರು ಹಿಡ್ಕೋತಾರೆ?"

ಹಲಗೆಯಿಂದ ಇಳಿದು ಬೆಂಚಿನ ಮೇಲೆ ಕೂತೆ.

"ಹಂಗಾರೆ ಮಂಚ ಸುಳ್ಳಾ?" ಅಂದೆ.

"ಸುಳ್ಳಲ್ಲ. ಜುಲೈನಲ್ಲಿ ನೀವು ನೆಲದ ಮೇಲೆ ಏನೂ ಮಾಡೋ ಹಾಗಿರಲಿಲ್ಲ. ಮಂಚ ನಿಮ್ಮನ್ನ ಹೊತ್ಕೊಂಡು ಕಲಿಸ್ತು. ಈಗ ಸ್ಪ್ರಿಂಗ್ ಒಂದೊಂದೇ ಬಿಡಬೇಕು. ಕೊನೆಗೆ ಚಾಪೆ. ಅಲ್ಲಿ ಸುಳ್ಳು ಹೇಳಕ್ಕಾಗಲ್ಲ."

ಬಾಗಿಲು ನಿಲ್ಲಿಸಬಹುದೇ ಎಂದು ಕೇಳಿದೆ. ನವೆಂಬರ್ ಮೊದಲ ವಾರ ನೋಡಿ ಹೇಳುತ್ತೇನೆ, ಅಲ್ಲಿಯವರೆಗೆ ಒಂದು ಮಣೆಯನ್ನೂ ಎತ್ತಬೇಡಿ ಅಂದರು. ಮನೆಗೆ ಬಂದು ಸ್ಪ್ಯಾನರ್ ಹುಡುಕಿದೆ. ನಾಲ್ಕು ಬೋಲ್ಟು ಬಿಚ್ಚುವುದಕ್ಕೆ ಮೌನೇಶನನ್ನೇ ಕರೆಸಬೇಕಾಯಿತು, ಅಷ್ಟು ಗಟ್ಟಿಯಾಗಿ ಬಿಗಿದಿದ್ದೆ. ಎಲ್ಲಕ್ಕೂ ಕೊಂಡಿ ಹಾಕಿಸಿದೆ. ಅವನು ಬಿಚ್ಚಿದ ಬೋಲ್ಟುಗಳನ್ನು ಎಣಿಸಿ ನನ್ನ ಕೈಗೆ ಕೊಟ್ಟ. ಬೈದಿದ್ದರೆ ವಾಸಿಯಿತ್ತು.

ಅಕ್ಟೋಬರ್ 1, ಬುಧವಾರ. ಆಯುಧಪೂಜೆ

ಬೆಳಿಗ್ಗೆ ಉಳಿ, ಬಾಚಿ, ಕೀಸುಳಿ, ಗರಗಸ, ಕೊಡತಿ ಎಲ್ಲ ತೊಳೆದು ಮಣೆಯ ಮೇಲೆ ಸಾಲಾಗಿ ಇಟ್ಟೆವು. ಜಾರುಮಂಚವೂ ಹತಾರವೇ, ಅದಕ್ಕೂ ಆಗಬೇಕು ಅಂತ ನಾನೇ ಹಟ ಹಿಡಿದೆ. ಲಲಿತ ಅದರ ಹಂಸಗಳಿಗೆ ಅರಿಶಿನ ಕುಂಕುಮ ಇಟ್ಟು, ಹೂ ಮುಡಿಸಿ, ಕಾಲ್ದೆಸೆಯ ಕಂಬಿಗೆ ಬಾಳೆಕಂದು ಕಟ್ಟಿದಳು. ಬೂದುಗುಂಬಳಕಾಯಿ ಒಡೆದೆವು.

ಸಂಜೆ ಪಾಠಕ್ಕೆ ಅಂತ ಮಂಚದ ಹತ್ತಿರ ಹೋದರೆ ಅಡ್ಡ ನಿಂತಳು.

"ಪೂಜೆ ಆಗಿರೋ ಹತಾರ ನಾಳೆ ಮರುಪೂಜೆ ಆಗೋಗಂಟ ಮುಟ್ಟಂಗಿಲ್ಲ. ನೀವೇ ಹಟ ಮಾಡಿ ಪೂಜೆ ಮಾಡ್ಸುದ್ರಿ."

ನನ್ನ ಕಾನೂನು ನನ್ನ ಮೇಲೇ ಬಂತು. ಮಾಡಿದ್ದುಣ್ಣೋ ಮಹರಾಯ. ಒಂದು ದಿನ ಬಿಟ್ಟರೂ ಬೆನ್ನು ಮರದ ಹಾಗೆ ಸೆಟೆಯುತ್ತದೆ. ಚಾಪೆ ಹಾಸು ಅಂದೆ. ಅವಳು ಎರಡು ಹಾಸಿದಳು. ಹಾಸಿ, ಬೆರಳಲ್ಲಿ ಉಳಿದಿದ್ದ ಕುಂಕುಮವನ್ನು ನನ್ನ ಬೆನ್ನ ಮೇಲೆ ಸೊಂಟದ ಹತ್ತಿರ ಇಟ್ಟಳು. "ಇದೂ ಹತಾರಾನೇ ಅಲ್ವಾ," ಅಂದಳು.

"ಹಂಗಾರೆ ಇದುನ್ನೂ ಇವತ್ತು ಮುಟ್ಟಂಗಿಲ್ಲ ಕಣೆ."

"ಇದುಕ್ಕೆ ರಜ ಇಲ್ಲ, ಮನೀಕಳಿ," ಅಂದಳು.

ಇಬ್ಬರೂ ಮಲಗಿದೆವು. ಐದಕ್ಕೆ ಉಸಿರು ಒಳಗೆ, ಐದಕ್ಕೆ ಹೊರಗೆ. ಸೊಂಟವನ್ನು ಒಂದೊಂದೇ ಮೂಳೆಯಾಗಿ ಬಿಡಿಸಿದೆ. ಎದ್ದಿತು. ನಂಬಿಕೆಯಾಗದೆ ಕೈ ಹಾಕಿ ನೋಡಿದೆ, ಬೆನ್ನಿಗೂ ಚಾಪೆಗೂ ನಡುವೆ ಇಡೀ ಗೇಣಿನ ಸಂದಿತ್ತು. ಸ್ಪ್ರಿಂಗಿಲ್ಲ, ಕಂಬಿಯಿಲ್ಲ, ನಾನೇ. "ಲಲಿತ, ನೋಡು ನೋಡು," ಅಂದೆ. ಅವಳ ಸೊಂಟವೂ ಮೇಲಿತ್ತು, ತಿರುಗುವುದಕ್ಕಾಗಲಿಲ್ಲ. "ಎಣಿಸ್ರೀ ಸುಮ್ನೆ," ಅಂದಳು. ಮೂವತ್ತು ಎಣಿಸಿದೆ. ನನಗೆ ತುಂಬ ಸಂತೋಷವಾಯಿತು. ಊಟಕ್ಕೆ ಎರಡು ಒಬ್ಬಟ್ಟು ಜಾಸ್ತಿ ತಿಂದೆ.

ಅಕ್ಟೋಬರ್ 2, ಗುರುವಾರ

ಮರುಪೂಜೆ ಬೆಳಿಗ್ಗೆ ಎಂಟಕ್ಕೇ ಆಯಿತು. ಮಂಚ ಖಾಲಿಯಿತ್ತು. ಮೊದಲು ಚಾಪೆಯದು ಮುಗಿಸೋಣ ಅಂತ ಮುಗಿಸಿದೆ.

ಅಕ್ಟೋಬರ್ 17, ಶುಕ್ರವಾರ

ಒಂದು ಸ್ಪ್ರಿಂಗಿನಲ್ಲಿ ಮಂಡಿಯೂರಿ ಮೂವತ್ತೆರಡು ಎಣಿಕೆ. ಚಾಪೆಯ ಮೇಲೆ ಮೊಣಕೈ, ಮಂಡಿ ಊರಿ ಹಲಗೆಯ ಹಾಗೆ ನಲವತ್ತು.

ಬಾಗಿಲುವಾಡ ಮುಗಿಯುತ್ತ ಬಂತು. ಮೇಲಿನ ಪಟ್ಟಿಗೆ ಕಮಲದ ಬಳ್ಳಿ ಕೆತ್ತುತ್ತಿದ್ದೇನೆ. ಮೊದಲೆಲ್ಲ ಕೆತ್ತುವಾಗ ಉಸಿರು ಬಿಗಿಹಿಡಿಯುತ್ತಿದ್ದೆ, ಈಗ ಉಸಿರು ಬಿಡುವಾಗ ಕೊಡತಿ ಬೀಳುತ್ತದೆ. ಗೆರೆ ಚೆನ್ನಾಗಿ ಬರುತ್ತಿದೆ. ಉಳಿ ಮಸೆದದ್ದು ಹದವಾಗಿರಬೇಕು.

ಜಾರುಮಂಚದ ಕಾಲ್ದೆಸೆಯ ಕಂಬಿಯನ್ನು ನಾಲ್ಕು ಇಂಚು ಒಳಗೆ ತಂದು ಇನ್ನೊಂದು ಜೊತೆ ತೂತು ಹೊಡೆದೆ. ಲಲಿತಳ ಕಾಲು ನನ್ನಷ್ಟು ಉದ್ದವಿಲ್ಲ. ಅವಳಿಗೆ ಎರಡು ಸ್ಪ್ರಿಂಗು ಸಾಕು ಅಂತ ಅಪರ್ಣ ಹೇಳಿದ್ದಾರೆ. ಬೆಳಗಿನ ಕಾಫಿಯ ಹೊತ್ತಿನಲ್ಲಿ ಮಂಚ ಅವಳದು. ಕಾಫಿ ನಾನೇ ಕಾಸಿಕೊಳ್ಳುತ್ತೇನೆ, ಅವಳು ಕಾಸಿದರೆ ಸಕ್ಕರೆ ಕಮ್ಮಿ.

ನವೆಂಬರ್ 4, ಮಂಗಳವಾರ

ಅಪರ್ಣ ಪರೀಕ್ಷೆ ಮಾಡಿದರು. ಇಪ್ಪತ್ತು ಕೆಜಿ ಮರಳಿನ ಚೀಲ ತಂದಿಟ್ಟು ಕುಕ್ಕರಗಾಲಲ್ಲಿ ಎತ್ತಿಸಿದರು, ಹಿಡಿಸಿದರು, ಇಳಿಸಿದರು. ಹತ್ತು ಸಲ. ನಾನು ಉಸಿರು ಹಿಡಿಯುತ್ತೇನೇನೋ ಅಂತ ಮುಖವನ್ನೇ ನೋಡುತ್ತಿದ್ದರು. ಹಿಡಿಯಲಿಲ್ಲ.

"ನಡುವಿನ ಭಾರ ಎಷ್ಟು ಬರಬಹುದು?" ಅಂತ ಕೇಳಿದರು.

"ಪಕ್ಕದೋರು ಸರಿಯಾಗಿ ಹೆಗಲು ಕೊಟ್ರೆ ಇದುಕ್ಕಿಂತ ಸ್ವಲ್ಪ ಜಾಸ್ತಿ."

"ಸರಿಯಾಗ್ ಕೊಡೋ ಹಾಗೆ ಮಾಡಿ. ಕಾಲಲ್ಲಿ ಜುಮ್ ಅಂದ್ರೆ, ಸೊಂಟದಿಂದ ಕೆಳಕ್ಕೆ ನೋವು ಇಳಿದ್ರೆ, ತಕ್ಷಣ ಮೌನೇಶ್ ಅವರಿಗೆ ಬಿಡಬೇಕು. ಮಾತು ಕೊಡಿ."

ಕೊಟ್ಟೆ. ಜುಲೈನಲ್ಲಾದರೆ ಕೊಡುತ್ತಿರಲಿಲ್ಲ. ಬರುವಾಗ ಚಿನಕುರಳಿಯಲ್ಲಿ ಇಳಿದು ದ್ಯಾವಮ್ಮಜ್ಜಿಗೂ ಹೇಳಿದೆ, ನನ್ನ ಪಕ್ಕದಲ್ಲೇ ಮೌನೇಶ ಇರುತ್ತಾನೆ, ಅಗತ್ಯ ಬಿದ್ದರೆ ಅವನು ಹಿಡಿಯುತ್ತಾನೆ, ಆಗಬಹುದೇ ಎಂದು.

ಅಜ್ಜಿ ಎಲೆ ಅಡಿಕೆ ಜಗಿಯುತ್ತ ಯೋಚಿಸಿದರು. "ನಿಮ್ಮಪ್ಪ ನಿಲ್ಸಿದ್ ದಿನ ಪಕ್ದಲ್ಲಿ ನಿಮ್ ದೊಡ್ಡಪ್ಪ ಇದ್ದ ಕನಪ್ಪ. ಒಬ್ನೇ ನಿಲ್ಸ್ದ ಅಂತ ನಿಂಗ್ ಯಾರ್ ಯೋಳ್ದೋರು?"

ಯಾರೂ ಹೇಳಿರಲಿಲ್ಲ.

ನವೆಂಬರ್ 9, ಭಾನುವಾರ

ಬಾಗಿಲುವಾಡ ಟ್ರಾಕ್ಟರಿನಲ್ಲಿ ಹೋಯಿತು. ನಾಳೆ ಬೆಳಿಗ್ಗೆ ಒಂಬತ್ತೂಕಾಲಿಗೆ. ಲಲಿತ ಹೊಸ ಪಂಚೆ ತೆಗೆದಿಟ್ಟಿದ್ದಾಳೆ. ಆಗುತ್ತದೆ.

ನವೆಂಬರ್ 10, ಸೋಮವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಚಿನಕುರಳಿಗೆ ಏಳಕ್ಕೇ ಹೋದೆವು. ಅರ್ಧ ಊರು ಸೇರಿತ್ತು. ಬಾಗಿಲುವಾಡಕ್ಕೆ ಅರಿಶಿನ ಬಳಿದು ಮಾವಿನ ಸೊಪ್ಪು ಕಟ್ಟಿದ್ದರು. ಎಡಗಡೆ ಇಬ್ಬರು, ಬಲಗಡೆ ಇಬ್ಬರು, ನನ್ನ ಹೆಗಲಿಗೆ ತಾಗಿ ಮೌನೇಶ. ಕುಕ್ಕರಗಾಲಲ್ಲಿ ಕೂತೆ. ಹೊಸ್ತಿಲಿಗೆ ಕೈ ಕೊಟ್ಟೆ. ಪುರೋಹಿತರು ಹೂಂ ಅಂದರು, ಉಸಿರು ಬಿಡುತ್ತ ಎತ್ತಿದೆ. ಗುಳಿಯ ಮೇಲೆ ತಂದು, ನವಧಾನ್ಯದ ಮೇಲೆ ಬೆರಳಷ್ಟು ಎತ್ತರದಲ್ಲಿ ನಿಲ್ಲಿಸಿ, ಸರಿ ನೋಡಿ, ಇಳಿಸಿದೆ. ಒಂದು ಕಾಳು ಚೆಲ್ಲಲಿಲ್ಲ.

ಇನ್ನು ಹಿಡಿಯುವುದು. ಗಾರೆಯವನು ನೂಲುಗುಂಡು ಬಿಟ್ಟ. ಗಾಳಿ. ಗುಂಡು ತೂಗಿತು, ನಿಲ್ಲಲೇ ಇಲ್ಲ. ಮಾಮೂಲಾಗಿ ಐವತ್ತು ಎಣಿಸುವಷ್ಟರಲ್ಲಿ ಮುಗಿಯುವ ಕೆಲಸ. ಐವತ್ತಾಯಿತು. ಬಾಗಿಲುವಾಡ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ವಾಲಲು ನೋಡಿತು, ಒಂದೇ ಸ್ಪ್ರಿಂಗಿನ ಹಲಗೆಯ ಹಾಗೆ. ಅದರ ಜೊತೆ ಜಗಳವಾಡದೆ ಹೊಟ್ಟೆಯನ್ನು ಒಳಗೆ ಎಳೆದುಕೊಂಡು ಕೂತೆ. ಎಪ್ಪತ್ತು. ತೋಳು ನಡುಗಿತು. ಮೌನೇಶ ಕಿವಿಯಲ್ಲಿ, "ಕೊಡ್ತೀರಾ ಚಿಕ್ಕಪ್ಪ," ಅಂದ. ಕಾಲಿನ ಕಡೆ ಗಮನ ಕೊಟ್ಟೆ. ಜುಮ್ ಇಲ್ಲ, ನೋವಿಲ್ಲ, ಬರೀ ನಡುಕ. "ಬ್ಯಾಡ ಕಣ್ಲಾ. ನಿನ್ ಕೈ ಮಾತ್ರ ಕಂಬದ್ ಮೇಲಿರ್ಲಿ," ಅಂದೆ. ಇಟ್ಟ. ಜನದ ನಡುವೆ ಎಲ್ಲಿಂದಲೋ ಒಂದು ಉಸಿರು ನನಗೆ ಕೇಳಿಸುವಷ್ಟು ಜೋರಾಗಿ ಬರುತ್ತಿತ್ತು, ಐದಕ್ಕೆ ಒಳಗೆ, ಐದಕ್ಕೆ ಹೊರಗೆ. ಅದನ್ನೇ ಹಿಡಿದುಕೊಂಡು ಎಣಿಸಿದೆ. ನೂರಾ ಹದಿನಾಲ್ಕಕ್ಕೆ ಗುಂಡು ನಿಂತಿತು.

"ನೇರ ಅದೆ," ಅಂದ ಗಾರೆಯವನು.

ಕೈ ಬಿಟ್ಟೆ. ಬಾಗಿಲು ನಿಂತಿತ್ತು. ದ್ಯಾವಮ್ಮಜ್ಜಿ ಮೊದಲು ದಾಟಿದರು. ದಾಟಿ ಹಿಂದಿರುಗಿ ನನ್ನ ತಲೆಯ ಮೇಲೆ ಕೈಯಿಟ್ಟರು. ಏನೋ ಅಂದರು, ವಾದ್ಯದಲ್ಲಿ ಕೇಳಿಸಲಿಲ್ಲ. ಫಲತಾಂಬೂಲ, ಪಂಚೆ, ಶಲ್ಯ ಕೊಟ್ಟರು. ಮೌನೇಶನಿಗೂ ಕೊಡಿ ಅಂದೆ, ಕೊಟ್ಟರು.

ಊಟವಾಗಿ ಹೊರಟೆವು. ನನ್ನ ಚಪ್ಪಲಿಯ ಪಟ್ಟಿಯನ್ನು ನಾನೇ ಹಾಕಿಕೊಂಡೆ. ಲಲಿತಳ ಎರಡು ಕೈಯಲ್ಲೂ ತಾಂಬೂಲದ ತಟ್ಟೆ, ತೆಂಗಿನಕಾಯಿ, ಶಲ್ಯ. ಅವಳು ಚಪ್ಪಲಿಯೊಳಗೆ ಕಾಲು ತೂರಿಸಿ, ತಟ್ಟೆ ಎಲ್ಲಿಡುವುದು ಅಂತ ಸುತ್ತ ನೋಡುತ್ತಿದ್ದಳು. ಅವಳದಕ್ಕೂ ಹಿಂದೆ ಪಟ್ಟಿ ಇದೆ. ಕುಕ್ಕರಗಾಲಲ್ಲಿ ಕೂತೆ. ಎಡಗಾಲಿನದು ಹಾಕಿದೆ. ಬಲಗಾಲಿನದು ಸ್ವಲ್ಪ ಬಿಗಿ, ನಿಧಾನವಾಯಿತು. ಇಡೀ ಚಿನಕುರಳಿ ನೋಡುತ್ತಿತ್ತೋ ಏನೋ, ವಾದ್ಯದವರೂ ನಿಲ್ಲಿಸಿದ್ದರು. "ಏನ್ರೀ ಇದು, ಏಳಿ ಮ್ಯಾಕೆ," ಅಂದಳು ಲಲಿತ. ಅವಳ ದನಿ ಒಂಥರಾ ಆಗಿತ್ತು, ತಟ್ಟೆ ಭಾರವಿದ್ದಿರಬೇಕು.

ಎದ್ದೆ. ಯಾರ ಹೆಗಲೂ ಹಿಡಿಯಲಿಲ್ಲ. ಸೊಂಟದಲ್ಲಿ ಒಂದು ಚೂರೂ ನೋವಿಲ್ಲ. ಶುಕ್ರವಾರ ಅಪರ್ಣ ಅವರಿಗೆ ಇದನ್ನು ಮರೆಯದೆ ಹೇಳಬೇಕು.